ನಾಲ್ಕು ಸೆಕೆಂಡಿನ ಮಂಜು

ಆಫೀಸಿನಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಯುಗದಕ್ಕ. ರಾಜ್ಯ ಕಟ್ಟುವ ಕಂಪ್ಯೂಟರ್ ಆಟವೊಂದರಲ್ಲಿ ಒಂದು ಯುಗ ಮುಗಿದು ಇನ್ನೊಂದು ಶುರುವಾಗುವ ಹೊತ್ತನ್ನು ರೂಪಿಸುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದೊಂದೇ. ಕುದುರೆ ಹೋಗಿ ರೈಲು ಬರಬೇಕು, ಆಡುವವರಿಗೆ ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿರಬೇಕು. ಅದಕ್ಕೆ ಅವಳು ಕಂಡುಕೊಂಡ ಉಪಾಯ ಮಂಜು. ನಾಲ್ಕು ಸೆಕೆಂಡು ಪರದೆಯ ತುಂಬ ಮಂಜು ಕವಿಯುತ್ತದೆ. ಅಷ್ಟರಲ್ಲಿ ಹೊಸ ಯುಗಕ್ಕೆ ಬೇಡದವರನ್ನೆಲ್ಲ ಅಳಿಸಿಬಿಡುವುದು. ಹೋದವರೆಲ್ಲಿ ಎಂದು ಕೇಳುವ ಒಂದು ನರಪಿಳ್ಳೆಯೂ ಇರಲಿಲ್ಲ.

ಕೇಳಿದ್ದು ಅವಳ ಅಪ್ಪ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ಅರ್ಧ ಆಯುಷ್ಯ ಸವೆಸಿದವರು, ಈಗ ಮಗಳ ಜೊತೆಗಿದ್ದು ಅವಳ ಆಟ ಆಡುತ್ತ ಹೊತ್ತು ಕಳೆಯುವವರು. ಒಂದು ಭಾನುವಾರ ಕನ್ನಡಕ ಹಣೆಗೇರಿಸಿ ಕೇಳಿದರು:

“ಇಲ್ಲೊಬ್ಬ ಕುಂಬಾರ ಇದ್ದನಲ್ಲ, ಎಲ್ಲಿ ಹೋದ?”

“ಕಾರ್ಖಾನೆ ಸೇರಿದ ಅಪ್ಪಾ.”

“ಯಾರು ಸೇರಿಸ್ಕೊಂಡ್ರು?”

ಅವಳು ನಕ್ಕುಬಿಟ್ಟಳು. ಅಚ್ಚುಕೂಟಕ್ಕೆ ಹೊಸ ಯಂತ್ರ ಬಂದಾಗ ಅವಳಿಗೆ ಒಂಬತ್ತು ವರ್ಷ. ಆಮೇಲೂ ಅಪ್ಪ ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹೋಗಿ ಸಂಜೆ ಬರುತ್ತಿದ್ದರು. ಕೆಲವು ತಿಂಗಳಾದ ಮೇಲೆ ಕಾಗದದ ಅಂಗಡಿಗೆ ಸೇರಿದೆ ಎಂದರು. ಎಲ್ಲ ಸಲೀಸಾಗಿಯೇ ನಡೆಯಿತು ಎಂದು ಅವಳು ನಂಬಿದ್ದಳು.

ಆ ವಾರವೇ ಅವಳ ಕೆಲಸಕ್ಕೂ ಕುತ್ತು ಬಂದಿತ್ತು. ಯುಗ ಬದಲಿಸುವುದನ್ನು ತಾನೇ ಮಾಡುವ ಪ್ರೋಗ್ರಾಂ ಒಂದನ್ನು ಆಫೀಸಿನವರು ತಂದಿದ್ದರು. ಅದಕ್ಕಿಂತ ಚೆಂದದ್ದನ್ನು ಶುಕ್ರವಾರದೊಳಗೆ ಮಾಡಿ ತೋರಿಸಿದರೆ ಅವಳು ಉಳಿದಳು. ಅವಳು ಮಂಜನ್ನು ತೆಗೆದುಹಾಕಿದಳು. ಕುಂಬಾರ ತನ್ನ ತಿಗರಿಚಕ್ರವನ್ನು ಹೆಗಲಿಗೇರಿಸಿ, ಕಾರ್ಖಾನೆಯ ಗೇಟಿನ ಮುಂದೆ ಒಂದು ಕ್ಷಣ ನಿಂತು, ಒಳಗೆ ಹೋಗದೆ ಮುಂದಕ್ಕೆ ನಡೆದು ಹೋಗುವಂತೆ ಮಾಡಿದಳು. ಮ್ಯಾನೇಜರ್ ಎರಡು ಸಲ ನೋಡಿದ. ಚೆನ್ನಾಗಿದೆ, ಆದರೆ ಜನ ಬೇಜಾರಾಗಿ ಆಟವನ್ನೇ ಬಿಡುತ್ತಾರೆ ಎಂದ. ಅವಳು ಮಂಜನ್ನು ಮತ್ತೆ ಹಾಕಿಕೊಟ್ಟಳು.

ಶುಕ್ರವಾರ ಅವಳನ್ನು ಚಿಕ್ಕ ಕೋಣೆಗೆ ಕರೆದರು. ಹೊಸ ಹಂತ, ಹೊಸ ಅವಕಾಶ, ನಿಮ್ಮನ್ನು ಮರೆಯುವುದಿಲ್ಲ ಎಂದೆಲ್ಲ ಮ್ಯಾನೇಜರ್ ಮೆತ್ತಗೆ ಹೇಳುತ್ತಲೇ ಹೋದ. ಆ ಮಾತೆಲ್ಲ ತನ್ನದೇ ಮಂಜು ಎಂದು ಅವಳಿಗೆ ಗೊತ್ತಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೋಡೆಯ ಗಡಿಯಾರ ಐದು ನಿಮಿಷ ಮುಂದಿದೆ ಎಂಬುದಷ್ಟೇ ಕಣ್ಣಿಗೆ ಬಿತ್ತು. ತನ್ನ ಮೇಜಿನ ಮೇಲಿದ್ದ ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಅಪ್ಪನಿಗೆ ಏನೂ ಹೇಳಲಿಲ್ಲ.

ಸೋಮವಾರ ಎಂದಿನಂತೆ ತಲೆ ಬಾಚಿ, ಡಬ್ಬಿ ಹಿಡಿದು ಹೊರಟಳು. ಅಪ್ಪ ಬಾಗಿಲ ತನಕ ಬಂದರು.

“ಪಾರ್ಕಿಗೆ ಹೋಗ್ಬೇಡಮ್ಮ. ಹತ್ತು ಗಂಟೆ ಆದ್ಮೇಲೆ ಕಾವಲುಗಾರ ಎಬ್ಬಿಸ್ತಾನೆ. ಲೈಬ್ರರಿ ವಾಸಿ, ಅಲ್ಲಿ ಯಾರೂ ಏನೂ ಕೇಳಲ್ಲ. ನಾನು ಐದು ತಿಂಗಳು ಅಲ್ಲೇ ಕೂತಿದ್ದೆ.”

ಅವಳು ಅವರ ಮುಖವನ್ನೇ ನೋಡಿದಳು.

“ಆಫೀಸಿನ ಲೋಟ ಅಡುಗೆಮನೆಗೆ ಬಂತಲ್ಲ,” ಎಂದರು ಅಪ್ಪ.

ಅಳು ಬಂದಿದ್ದರೆ ಹಗುರವಾಗುತ್ತಿತ್ತು, ಅದೂ ಬರಲಿಲ್ಲ. ಅವಳು ಚಪ್ಪಲಿ ಬಿಚ್ಚಿದಳು. ಮಧ್ಯಾಹ್ನದ ಡಬ್ಬಿಯನ್ನು ತೆರೆದು, ಬೆಳಿಗ್ಗೆ ಎಂಟೂವರೆಗೆ, ಇಬ್ಬರೂ ಬಾಗಿಲಲ್ಲೇ ಕೂತು ಉಂಡರು.