ಅಪ್ಪನ ಧ್ವನಿ ಕುಡಿದ ಪಿಕ್ಚರ್

ಇದು ನಡೆದದ್ದೇ. ನಂಬದಿದ್ದರೆ ಬೇಡ, ಆದರೆ ನನ್ನೆದುರು ನಗಬೇಡಿ. ಊರನ್ನೆಲ್ಲ ನಗಿಸಿ ಹೊಟ್ಟೆ ಹೊರೆಯುವವನು ನಾನು. ಈ ಒಂದು ವಿಷಯಕ್ಕೆ ಮಾತ್ರ ಮೈ ಉರಿಯುತ್ತದೆ.

ಹುಬ್ಬಳ್ಳಿಯ ಮದುವೆಮನೆ, ಗಣೇಶನ ಪೆಂಡಾಲುಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಪುಢಾರಿ, ಪೂಜಾರಿ, ರಿಕ್ಷಾದ ಹಾರ್ನು, ಯಾರನ್ನೂ ಬಿಟ್ಟಿಲ್ಲ. ನನ್ನ ಸ್ವಂತ ಧ್ವನಿ ನೀರಲ್ಲಿ ಬಿದ್ದ ಹಪ್ಪಳ. ಅದಕ್ಕೇ ಮಂದಿಯದನ್ನು ಬಾಡಿಗೆಗೆ ತರುತ್ತೇನೆ.

ಅಪ್ಪ ದುರ್ಗದಬೈಲಿನಲ್ಲಿ ಸೀರೆ ಮಾರುತ್ತಿದ್ದರು. ಗಿರಾಕಿಗಳನ್ನು ಕೂಗಿ ಕೂಗಿ ಒಡೆದ ಗಂಟಲು. ಅವರು ತೀರಿದ ಮೇಲೆ ದಿನಾ ಊಟಕ್ಕೆ ಕೂತಾಗ ಅವ್ವ ಕೇಳುತ್ತಾಳೆ, "ಒಂದೀಟು ನಿಮ್ಮಪ್ಪನಂಗ ಮಾತಾಡೋ." ನಾನು ಆ ಧ್ವನಿಯಲ್ಲಿ, "ಸಾರಿಗೆ ಉಪ್ಪು ಯಾರು ಹಾಕ್ಯಾರ, ಬಾಜೂ ಮನಿಯವ್ರೇನ?" ಎಂದರೆ ಸಾಕು, ತುತ್ತು ಎತ್ತುತ್ತಾಳೆ.

ಗೆಳೆಯ ಸಿದ್ದು ಒಂದು ಪಿಕ್ಚರ್ ತೆಗೆದ. ಚಹಾ ಆರುವುದನ್ನೂ ಪೂರಾ ತೋರಿಸುವಷ್ಟು ನಿಧಾನದ್ದು. ಅಂಥದ್ದಕ್ಕೂ ಹುಚ್ಚರಾದವರ ಗುಂಪು ನಮ್ಮೂರಲ್ಲಿದೆ. ಆ ಪಿಕ್ಚರಿನಲ್ಲೊಬ್ಬ ರಕ್ತಪಿಶಾಚಿ. ಕೋರೆಹಲ್ಲು ಬಿಡಿ, ಹಲ್ಲೇ ಇಲ್ಲ. ರಕ್ತ ಮುಟ್ಟುವುದಿಲ್ಲ. ಧೋತರದ ಮುದುಕ, ಮನೆಕಟ್ಟೆಯ ಮೇಲೆ ಕೂತು "ಮಾತಾಡ್ರಿ, ಕೇಳತೇನಿ" ಅನ್ನುತ್ತಾನೆ. ಅವನೊಂದಿಗೆ ಮಾತಾಡಿದವರಿಗೆ ಬೆಳಗಾಗುವುದರೊಳಗೆ ಧ್ವನಿ ಇರುವುದಿಲ್ಲ.

ಡಬ್ಬಿಂಗ್ ನಡೆದದ್ದು ಲಕಮನಹಳ್ಳಿಯ ಒಂದು ಶೆಡ್ಡಿನಲ್ಲಿ. ಮೈಕು ರಿಪೇರಿಯ ಇಸ್ಮಾಯಿಲ್ ಕಾಕಾ, ಹೊರಗಿನ ಸದ್ದು ಬಾರದಂತೆ ಗೋಡೆ ತುಂಬ ಹಳೆ ಕೌದಿ ಹೊಡೆದಿದ್ದರು. ಲಾರಿಗಳ ಓಡಾಟ ನಿಂತ ಮೇಲೆ ರಾತ್ರಿ ಕೆಲಸ. ಆ ಮುದುಕನಿಗೆ ನಾನು ಯಾವ ಧ್ವನಿ ಕೊಟ್ಟರೂ ಸಿದ್ದು ಒಲ್ಲೆ ಅಂದ. "ಇದು ನಾಟಕದ ಯಮ ಆತಲೇ."

ಸಿಟ್ಟಿಗೆದ್ದು ಅಪ್ಪನ ಧ್ವನಿ ತೆಗೆದೆ.

"ಮಾತಾಡ್ರಿ… ಕೇಳತೇನಿ…"

ಎಲ್ಲಿಂದಲೋ ಹೊಸ ಸೀರೆಯ ಗಂಜಿ ವಾಸನೆ. ನಾನು ಬಾಯಿ ಮುಚ್ಚಿದೆ. ಹೆಡ್‌ಫೋನಿನಲ್ಲಿ ಧ್ವನಿ ನಿಲ್ಲಲಿಲ್ಲ… ಉಸಿರೆಳೆದುಕೊಂಡಿತು. ಕೆಮ್ಮಿತು.

ಕಾಕಾ ಪಿಸುಗುಟ್ಟಿದರು, "ತಮ್ಮಾ, ನೀ ಸುಮ್ನಾದಿ. ಮೀಟರಿನ ಮುಳ್ಳು ಯಾಕ ಇನ್ನೂ ಕುಣ್ಯಾಕತ್ತೈತಿ?"

ಮರುದಿನ ಊಟಕ್ಕೆ ಕೂತು ಬಾಯಿ ತೆರೆದೆ. ಬರೀ ಗಾಳಿ. ಪುಢಾರಿ ಬಂದ, ಪೂಜಾರಿ ಬಂದ, ಅಪ್ಪ ಬರಲಿಲ್ಲ. ಅವ್ವ ತಟ್ಟೆ ಸರಿಸಿ ಎದ್ದಳು.

ಶೆಡ್ಡಿಗೆ ಹೋಗಿ ಸಿದ್ದುವಿನ ಕಾಲರ್ ಹಿಡಿದೆ. "ಅಳಸಲೇ ಅದನ್ನ."

"ತಲಿ ಕೆಟ್ಟೈತೇನ? ಇಂಥಾ ಧ್ವನಿ ಮತ್ತ ಸಿಗತೈತೇನು?"

"ನಿನಗ ಅದು ಪಿಕ್ಚರ್, ಮಗನ. ನನಗ ಅಪ್ಪ."

ಕಾಕಾ ನಡುವೆ ಬಂದು ಅಳಿಸಿದರು. ಮತ್ತೆ ಹಚ್ಚಿದರು. ತೆರೆಯ ಮೇಲಿನ ಮುದುಕ ಅದೇ ಧ್ವನಿಯಲ್ಲಿ ಮಾತಾಡಿದ. ಕಾಕಾ ಸ್ಪೀಕರಿನ ವೈರು ಕಿತ್ತರು… ಈಗ ಅದು ಕೌದಿಗಳ ಹಿಂದಿನಿಂದ ಬರುತ್ತಿತ್ತು.

ಆ ಸಿದ್ದು, ಬಾಯಿಬಡಕ, ಅವ್ವನಿಗೆ ಎಲ್ಲ ಹೇಳಿ ಪಾಸು ಬೇರೆ ಕೊಟ್ಟು ಹೋಗಿದ್ದಾನೆ.

"ಪಿಕ್ಚರದಾಗ ಅವ್ರು ಮಾತಾಡ್ತಾರಂತಲ್ಲೋ. ಕರಕೊಂಡ ಹೋಗು."

"ಅದು ಅಪ್ಪ ಅಲ್ಲಬೇ."

"ಯಾರರ ಇರಲಿ. ನೀ ಒಲ್ಲಿ ಅಂದ್ರ ನಾನ ಹೊಕ್ಕೇನಿ."

ನಾಳೆ ಪಿಕ್ಚರ್. ಪಾಸು ಹರಿದೆ, ಇನ್ನೊಂದು ತರಿಸಿಕೊಂಡಳು. ಈಗ ಅಡುಗೆಮನೆಯಲ್ಲಿ ಕೂತು, ಅಪ್ಪನಿಗೆ ಏನೇನು ಹೇಳಬೇಕೋ ಅದನ್ನೆಲ್ಲ ಒಂದೊಂದಾಗಿ ಹೇಳಿ ನೋಡುತ್ತಿದ್ದಾಳೆ. ನಡುನಡುವೆ ನಿಲ್ಲಿಸುತ್ತಾಳೆ, ಉತ್ತರಕ್ಕೆ ಕಾಯುವವಳಂತೆ. ನಾನು ಬಾಗಿಲಲ್ಲೇ ನಿಂತಿದ್ದೇನೆ. ತುಟಿ ಅಲ್ಲಾಡುವುದು ಕಾಣುತ್ತಿದೆ… ಅರ್ಧ ಮಾತಿಗೆ ಧ್ವನಿಯೇ ಇಲ್ಲ, ಬರೀ ಗಾಳಿ.