ಹಂಡೆಯ ಅಳತೆ, ಡಬ್ಬಿಯ ಅಳತೆ

ಕಂಪ್ಯೂಟರಿಗೂ ಪ್ರಿಂಟರಿಗೂ ನಂಟು ಕೊಡುವ ಡ್ರೈವರ್ ತಂತ್ರಾಂಶಕ್ಕೆ ಬೇರೆಯವರು ಬರೆದ ಕೋಡನ್ನು ಓದಿ ಒಪ್ಪಿಗೆ ಕೊಡುವುದು ತಣಿಸಂದ್ರದ ಅನೀಸಾಳ ಕೆಲಸ. ಹಳೆಯ ಕೋಡಿನಲ್ಲಿ ಪ್ರಿಂಟರಿನ ಹೆಸರು ಉದ್ದವಾಗಿದ್ದರೆ, ನಕಲಾಗುವಾಗ ಮೆಮೊರಿಯಲ್ಲಿ ಅದಕ್ಕಿಟ್ಟ ಜಾಗ ತುಂಬಿ ಪಕ್ಕದ ಮಾಹಿತಿಯ ಮೇಲೆ ಚೆಲ್ಲುತ್ತಿತ್ತು. ಇಡೀ ಕಂಪ್ಯೂಟರ್ ನಿಂತುಹೋಗುತ್ತಿತ್ತು. ಎಷ್ಟು ಅಕ್ಷರ ಹಿಡಿಯುತ್ತದೆಂಬ ಮಿತಿ ಕೇಳಿ ಅಷ್ಟನ್ನೇ ನಕಲಿಸುವ ಹೊಸ ಫಂಕ್ಷನ್ ಬಳಸೆಂದು ಕೋಡ್ ಬರೆಯುವ ಅಶ್ವತ್ಥನಿಗೆ ಬಾಯಿ ನೋಯುವಷ್ಟು ಹೇಳಿದ್ದಳು. ಇವತ್ತು ಸಂಜೆ ಡ್ರೈವರ್ ಗ್ರಾಹಕರಿಗೆ ಹೋಗಬೇಕು. ಕೆಟ್ಟರೆ ಬೈಗುಳ ಒಪ್ಪಿಗೆ ಕೊಟ್ಟವಳಿಗೆ.

"ಎಲ್ಲಾ ಕಡೆ ಹೊಸದೇ ಹಾಕಿದೀನಿ ಮೇಡಂ," ಎಂದ ಅಶ್ವತ್ಥ್ ಫೋನಿನಲ್ಲಿ.

"ಹಾಕಿದೀಯಪ್ಪಾ. ಆದ್ರೆ ಮಿತಿ ಕೊಡೋ ಕಡೆ, ಇಟ್ಟಿರೋ ಜಾಗದ ಅಳತೆ ಬಿಟ್ಟು, ಒಳಗೆ ಬರೋ ಹೆಸರಿನ ಉದ್ದಾನೇ ಕೊಟ್ಟಿದೀಯಲ್ಲೋ!"

"ಅಷ್ಟೇ ತಾನೇ ಕಾಪಿ ಆಗೋದು?"

ರಂಜಾನ್ ಉಪವಾಸದ ರೋಜಾ ಇದ್ದ ಅನೀಸಾ ಸಿಟ್ಟು ನುಂಗಿಕೊಂಡಳು. "ಹೋದ ವರ್ಷ ನಮ್ ಮಸೀದೀಲಿ ರಂಜಾನ್ ಗಂಜಿ ಇಸ್ಕೊಂಡ್ಯಲ್ಲ, ಅವರು ಹಂಡೆ ನೋಡಿ ಸುರಿದ್ರಾ, ನಿನ್ ಡಬ್ಬಿ ನೋಡಿ ಸುರಿದ್ರಾ?"

"...ಡಬ್ಬಿ ನೋಡಿ. ಈಗ್ಲೇ ತಿದ್ತೀನಿ ಮೇಡಂ."

ತಿದ್ದಿದ ಕೋಡ್ ಬೇಗನೇ ಬಂತು. ಈಗ ಮಿತಿ ಸರಿಯಿತ್ತು. ಆದರೆ ಹೆಸರು ಹಿಡಿಸದೆ ತುಂಡಾದಾಗ ಫಂಕ್ಷನ್ ಕೊಡುವ ಎಚ್ಚರಿಕೆಯನ್ನು ಅವನ ಕೋಡ್ ಎಲ್ಲೂ ಗಮನಿಸುತ್ತಿರಲಿಲ್ಲ; ಅರ್ಧ ಹೆಸರು ಹಿಡಿದು ಹುಡುಕಿದರೆ ಪ್ರಿಂಟರ್ ಸಿಗುವುದೇ ಇಲ್ಲ.

"ಯಾ ಅಲ್ಲಾಹ್," ಎಂದು ಅನೀಸಾ ಮತ್ತೆ ಫೋನ್ ಮಾಡಿದಳು. "ಅಶ್ವತ್ಥ್, ಡ್ರೈವರ್ ನಾಳೆ ಹೋಗ್ಲಿ. ಗ್ರಾಹಕರಿಗೆ ನಾನೇ ಹೇಳ್ತೀನಿ. ನೀನ್ ಕೂತ್ಕೊಂಡು ಆ ಎಚ್ಚರಿಕೆ ನೋಡೋ ಕೋಡ್ ಬರಿ."