ಮದೀನಾಬಿಯ ಎಂಟನೇ ಪೆಟ್ಟು

ಹಳಿಯಾಳದ ಮದೀನಾಬಿಗೆ ಎರಡು ಕೆಲಸ ಬರುತ್ತಿದ್ದವು. ಒಂದು ಕೌದಿ ಹೊಲಿಯುವುದು, ಇನ್ನೊಂದು ಮದುವೆಮನೆಯಲ್ಲಿ ಢೋಲಕ್ ಬಾರಿಸುವುದು. ಗಂಡ ಸರ್ದಾರ ದಾಂಡೇಲಿಯ ಕಟ್ಟಿಗೆ ಡಿಪೋಗೆ ಚಕ್ಕಡಿ ಹೊಡೆಯುತ್ತಿದ್ದವನು, ಚಳಿಜ್ವರ ಬಂದು ಮೂರೇ ದಿನಕ್ಕೆ ತೀರಿಕೊಂಡಿದ್ದ. ಮದುವೆಯಲ್ಲಿ ಹೆಂಗಸರೆಲ್ಲ ನಕ್ಕು ಹಾಡುವಾಗ ಈಕೆ ಮಾತ್ರ ಕಚೇರಿಯ ಕಾರಕೂನನ ಹಾಗೆ ಮುಖ ಮಾಡಿಕೊಂಡು ಬಾರಿಸುತ್ತಿದ್ದಳು.

೧೯೩೮ರ ಮಳೆಗಾಲ ಮುಗಿಯುತ್ತಲೇ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ ಗಿರಿಜಾಬಾಯಿ ಅಕ್ಕಾರು ಆಕೆಯನ್ನು ಕರೆಸಿದರು. ಮಗಳು ಜರೀನಾ ಮೂರನೇ ಇಯತ್ತೆಯಲ್ಲಿ ಎರಡನೇ ವರ್ಷ ಕೂತಿದ್ದಳು.

"ನಿಮ್ಮ ಹುಡುಗಿ ದಡ್ಡಿ ಅಲ್ಲ," ಅಂದರು ಅಕ್ಕಾರು. "ಆದ್ರ ಇಲ್ಲಿ ಇರಂಗಿಲ್ಲ. ನಾ ಲೆಕ್ಕಾ ಹೇಳ್ಲಿಕ್ಕೆ ಶುರು ಮಾಡಿದ್ರ ಹಂಚಿನ ಮ್ಯಾಲಿನ ಕಾಗಿ ನೋಡ್ತಾಳ. ಕಾಗಿ ಹಾರಿಹೋದ್ರ ಅದು ಕೂತಿದ್ದ ಜಾಗಾ ನೋಡ್ತಾಳ."

"ಮನ್ಯಾಗೂ ಹಂಗ ರೀ ಅಕ್ಕಾರ. ನೀರಿಗೆ ಕಳಿಸಿದ್ರ ಕೊಡಾ ಬಾವಿ ಕಟ್ಟಿ ಮ್ಯಾಲ ಬಿಟ್ಟು ಬರ್ತಾಳ."

ಇಬ್ಬರೂ ಜರೀನಾಳ ಕಡೆ ನೋಡಿದರು. ಅವಳು ಬಾಗಿಲ ಹೊರಗೆ ನೋಡುತ್ತಿದ್ದಳು.

ಮಗಳನ್ನು ತಿದ್ದಲೆಂದು ಮದೀನಾಬಿ ಏನೂ ಮಾಡಲಿಲ್ಲ. ಢೋಲಕ್‌ನ ಎದುರು ಕೂತು ಅದರ ಕಟ್ಟಿಗೆಯ ಮೇಲೆ ಚಮಚದಿಂದ ತಾಳ ಹೊಡೆಯುತ್ತಿದ್ದ ಮೆಹರುನ್ನಿಸಾ ಆ ವರ್ಷ ಮುಂಡಗೋಡಿಗೆ ಮಗನ ಮನೆಗೆ ಹೋಗಿಬಿಟ್ಟಳು. ಮದುವೆಗಳು ಹತ್ತಿರ ಬಂದಿದ್ದವು. ಮನೆಯಲ್ಲಿ ಖಾಲಿ ಇದ್ದ ಕೈ ಅಂದರೆ ಜರೀನಾಳದೇ.

"ಏಳು ಪೆಟ್ಟು ಬಿಡು, ಎಂಟಕ್ಕ ಹೊಡಿ," ಅಂದಳು ತಾಯಿ.

ಜರೀನಾ ಐದಕ್ಕೆ ಹೊಡೆದಳು. ಹತ್ತಕ್ಕೂ ಹೊಡೆದಳು. ತಪ್ಪಿದಾಗಲೆಲ್ಲ ತಾಯಿ ಬೈಯದೆ ನಿಲ್ಲಿಸಿ ಮೊದಲಿನಿಂದ ಶುರು ಮಾಡುತ್ತಿದ್ದಳು. ಸಂಜೆ ಹೊತ್ತಿಗೆ ನೆರೆಮನೆಯ ಶಿವಗಂಗವ್ವ ಗೋಡೆಯಾಚೆಯಿಂದ ಕೇಳಿದಳು, "ಢೋಲಕ್ ಒಡದೈತೇನ ಬೇ?"

"ಇಲ್ಲವ್ವಾ, ಮಗಳು ಕಲಿಯಾಕತ್ತಾಳ."

ನಾಲ್ಕನೇ ದಿನ ಜರೀನಾ ಚಮಚ ಎಸೆದು ಅತ್ತಳು. "ನನಗ ಎಣಿಸಾಕ ಬರಂಗಿಲ್ಲ!"

ತಾನು ಸತ್ತರೆ ಈ ಹುಡುಗಿಯ ಗತಿ ಏನು ಎಂಬ ಯೋಚನೆ ಮದೀನಾಬಿಗೆ ಆಗಾಗ ಬರುತ್ತಿತ್ತು. ಆಗಲೂ ಬಂತು. ಬಾಯಿಂದ ಬಂದ ಮಾತು ಬೇರೆ: "ಎಣಿಸಬ್ಯಾಡ. ನಾ ಎಲ್ಲಿ ಅದೀನಿ ಅಂತ ಕೇಳ್ಕೋತ ನನ್ನ ಹಿಂದ ಬಾ."

ತಿಂಗಳಿಗೆ ಮೊದಲ ಮದುವೆ. ಕೂಸುಗಳ ಅಳು, ಹೆಂಗಸರ ಹರಟೆ, ಅದರ ನಡುವೆ ಜರೀನಾ ಎದುರು ಕೂತು ಹೊಡೆದಳು. ಲಾಡೂನ ತಾಟು ಅವಳ ಮೂಗಿನ ಮುಂದೆಯೇ ಹಾದುಹೋಯಿತು. ಅವಳು ಕಣ್ಣೆತ್ತಲಿಲ್ಲ. ಅದನ್ನು ನೋಡಿದ ಮದೀನಾಬಿಯ ಕೈ ಒಂದು ಪೆಟ್ಟು ಜಾರಿತು.

"ಅಮ್ಮಾ, ನೀ ತಪ್ಪಿದಿ," ಅಂದಳು ಜರೀನಾ.

ಶಾಲೆಯಲ್ಲಿ ಬಾಯಿಲೆಕ್ಕ ಹೇಳುವಾಗ ಅವಳ ಬೆರಳು ಮೊಣಕಾಲ ಮೇಲೆ ಆಡುವುದನ್ನು ಅಕ್ಕಾರು ಕಂಡರು. ಬೆರಳೆಣಿಕೆ ಇರಬೇಕೆಂದು ಕೈ ಕಟ್ಟಿಸಿದರು. ಉತ್ತರ ತಪ್ಪಿತು. ಕೈ ಬಿಡಿಸಿದರು. ಮೂರು ಲೆಕ್ಕ ಕೇಳಿದರೆ ಮೂರೂ ಸರಿ. ಸಂಜೆ ಮನೆಗೇ ಬಂದು ಕೇಳಿದರು, "ಏನು ಔಷಧಾ ಕೊಟ್ರಿ?"

"ಚಮಚಾ ಕೊಟ್ಟೇನ್ರೀ."

ಅಕ್ಕಾರು ನಗಲಿಲ್ಲ. ಮುಂದಿನ ಶನಿವಾರದಿಂದ ಮದೀನಾಬಿ ಅವರು ಹೇಳಿದಂತೆ ಢೋಲಕ್ ತಗೊಂಡು ಶಾಲೆಯಲ್ಲಿ ಒಂದು ತಾಸು ಕೂರತೊಡಗಿದಳು. ಹನ್ನೊಂದು ಹುಡುಗಿಯರು. ಆರೇಳು ಮಂದಿ ಪಾಠಕ್ಕೂ ಕಿವಿ ಕೊಡತೊಡಗಿದರು. ಶೇಖಪ್ಪನ ಮಗಳಿಗೆ ಮಗ್ಗಿ ಬಾಯಿಗೆ ಬಂತು. ಇಬ್ಬರಿಗೆ ಢೋಲಕ್ ಬಂತು, ಲೆಕ್ಕ ಬರಲಿಲ್ಲ. ಒಬ್ಬಳಿಗೆ ಎರಡೂ ಬರಲಿಲ್ಲ. ಅವಳೇ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದಳು.

ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲೇ ನಿಂತು ಕೇಳಿದರು, "ಇದರಿಂದ ಬುದ್ಧಿ ಬರ್ತೈತೇನು?"

"ಬುದ್ಧಿ ನನಗ ಗೊತ್ತಿಲ್ರೀ. ಕಡೀತನಕ ಕೇಳೂದು ಬರ್ತೈತಿ," ಅಂದಳು ಮದೀನಾಬಿ.

ಸಾಹೇಬರು ತಪಾಸಣೆಯ ಪುಸ್ತಕದಲ್ಲಿ ಶೆರಾ ಬರೆದರು: ಗದ್ದಲ ಹೆಚ್ಚು, ಬಾಯಿಲೆಕ್ಕ ಸಮಾಧಾನಕರ.

ಗಿರಿಜಾಬಾಯಿಯವರಿಗೆ ವರ್ಗವಾಗುವ ತನಕ ಶನಿವಾರದ ತಾಸು ನಡೆಯಿತು. ೧೯೪೩ರಲ್ಲಿ ಜರೀನಾ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು. ಮಾಸ್ತರಕಿ ಕಲಿಯಲು ಧಾರವಾಡಕ್ಕೆ ಹೊರಟ ದಿನ ಮದೀನಾಬಿ ಅವಳನ್ನು ಮೋಟಾರು ಹತ್ತಿಸಿ, ನಿಧಾನ ಹೊಡೆಯಲು ಡ್ರೈವರನಿಗೆ ಹೇಳಿ, ತಿರುಗಿ ನಡೆದಳು. ತನ್ನ ಓಣಿ ದಾಟಿ ಬಹಳ ಮುಂದೆ ಹೋಗಿದ್ದು ಶಿವಗಂಗವ್ವ ಹಿಂದಿನಿಂದ ಕೂಗಿದಾಗಲೇ ಆಕೆಗೆ ತಿಳಿದದ್ದು.